ಜಹೀದಾಳ ಬಳೆ ಅಂಗಡಿಯ ಕೇಬಲ್ಲು

ರೋಣದ ಬಸ್ ಸ್ಟ್ಯಾಂಡಿನಿಂದ ಬಜಾರಕ್ಕೆ ಹೋಗುವ ಹಾದಿಯಲ್ಲಿ ಎಡಗಡೆ ಮೂರನೆಯದು ಜಹೀದಾಳ ಅಂಗಡಿ. ಬೋರ್ಡಿನ ಮೇಲೆ ‘ಬಳೆ, ರಿಬ್ಬನ್, ಕುಂಕುಮ’ ಎಂದು ಬರೆಸಿದ್ದು ಎರಡು ಸಾವಿರದ ಇಸವಿಯಲ್ಲಿ. ಎಂಟು ವರ್ಷ ಕಳೆಯುವುದರೊಳಗೆ ಒಳಗಿನ ಸಂಗತಿ ಬೇರೆಯೇ ಆಗಿತ್ತು. ಬಳೆ ಪೋಣಿಸುವ ಕೋಲುಗಳಲ್ಲಿ ಅರ್ಧಕ್ಕೆ ಹಸಿರು, ಕೆಂಪು ಗಾಜಿನ ಬಳೆ. ಉಳಿದರ್ಧಕ್ಕೆ ಸುರುಳಿ ಸುತ್ತಿ ತೂಗುಹಾಕಿದ ಕರಿ, ಬಿಳಿ, ಬೂದು ಬಣ್ಣದ ಕೇಬಲ್ಲುಗಳು. ಪ್ರಿಂಟರಿನವು, ಕ್ಯಾಮೆರಾದವು, ಕಂಪ್ಯೂಟರಿನ ಹೊರಗೆ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕಿನವು. ಕುಬಸಕ್ಕೆ ಬಳೆ ಇಡಿಸಿಕೊಳ್ಳಲು ಬಂದ ಬಸುರಿ ಹೆಂಗಸರೂ ಕಾಲೇಜಿನ ಗುಮಾಸ್ತರೂ ಒಂದೇ ಬಾಕಿನ ಮೇಲೆ ಸರದಿ ಕಾಯುತ್ತ ಕೂರುತ್ತಿದ್ದರು. ಹೊಸಬರು ಯಾರಾದರೂ ತಪ್ಪು ಅಂಗಡಿಗೆ ಬಂದೆವೇನೋ ಎಂದು ಬಾಗಿಲಲ್ಲೇ ಅನುಮಾನಿಸಿದರೆ, “ಬರ್ರಿ, ಒಳಗ ಬರ್ರಿ, ಎರಡೂ ಇಲ್ಲೇ ಸಿಗ್ತಾವ” ಎಂದು ಕರೆಯುವಳು.

ಆಗ ಅವಳಿಗೆ ಮೂವತ್ತೆಂಟು. ಗುಂಡು ಮುಖ, ಸಣ್ಣ ದನಿ, ಗಡಿಬಿಡಿ ಇಲ್ಲದ ಕೈ. ಬಳೆ ಇಡುವಾಗ ಅಳತೆ ಕೇಳಿದವಳಲ್ಲ. ಬಂದವರ ಅಂಗೈಯನ್ನು ಒಮ್ಮೆ ಒತ್ತಿ ನೋಡಿ ಕೋಲಿನಿಂದ ಬಳೆ ತೆಗೆದರೆ ಅದು ಕೂಡಿಯೇ ಕೂಡುತ್ತಿತ್ತು. ಕೇಬಲ್ಲಿನದೂ ಅದೇ ರೀತಿ. ಎರಡು ಬೆರಳ ನಡುವೆ ಹಿಸುಕಿ, ಬಗ್ಗಿಸಿ, ಬಿಟ್ಟು, ಇದು ಪ್ರಿಂಟರಿಗೆ ಸಾಕು, ಅದಕ್ಕೆ ಸಾಲದು ಎಂದು ಹೇಳಿಬಿಡುತ್ತಿದ್ದಳು. ಕೇಳಿದವರಿಗೆ ಇದೊಂದು ಮಾಟದ ಹಾಗೆ ಕಾಣುತ್ತಿತ್ತು. ಅವಳಿಗೆ ಮಾತ್ರ ಅದು ಅಪ್ಪನ ಮನೆಯ ಹಳೆಯ ರೂಢಿ.

ಅಪ್ಪ ಜಂಗ್ಲಿಸಾಬ ನರಗುಂದದಲ್ಲಿ ಮೋಟಾರು ಸುತ್ತುವವನು. ಸುಟ್ಟುಹೋದ ಪಂಪಿನ ಮೋಟಾರುಗಳನ್ನು ರೈತರು ಚಕ್ಕಡಿಯಲ್ಲಿ ಹೇರಿಕೊಂಡು ತರುವರು. ಅವನು ಕರಿ ಬಿದ್ದ ತಂತಿಯನ್ನೆಲ್ಲ ಕಿತ್ತು ಹೊಸ ತಾಮ್ರ ಸುತ್ತಿ ಕೊಡುವನು. ಬಿಡುವಿದ್ದಾಗ ರೇಡಿಯೋ ರಿಪೇರಿ. ನಾಲ್ಕು ಮಕ್ಕಳಲ್ಲಿ ಹಿರಿಯವಳಾದ ಜಹೀದಾ ಸಾಲಿ ಬಿಟ್ಟೊಡನೆ ಅವನ ಪಕ್ಕ ಬಂದು ಕೂರುತ್ತಿದ್ದಳು. ತಂತಿಯ ಉರುಳಿಗಳ ಮೇಲೆ ನಂಬರು ಇರುತ್ತಿದ್ದವು. ಇಪ್ಪತ್ತು, ಇಪ್ಪತ್ನಾಲ್ಕು, ಇಪ್ಪತ್ತೆಂಟು. ನಂಬರು ಹೆಚ್ಚಾದಂತೆ ತಂತಿ ತೆಳ್ಳಗಾಗುತ್ತದೆ ಎಂಬುದು ಅವಳಿಗೆ ಎಂಟನೇ ವಯಸ್ಸಿಗೇ ಗೊತ್ತು. ಕಣ್ಣು ಮುಚ್ಚಿಸಿ, ಬೆರಳಿಗೆ ತಂತಿ ಮುಟ್ಟಿಸಿ, ಅಪ್ಪ ನಂಬರು ಕೇಳುತ್ತಿದ್ದ. ಸರಿ ಹೇಳಿದರೆ ಜೇಬಿನಿಂದ ಹುರಿಗಡಲೆ ತೆಗೆದು ಕೊಡುತ್ತಿದ್ದ. ತಪ್ಪಿದರೂ ಕೊಡುತ್ತಿದ್ದ, ಎರಡು ಕಾಳು ಕಮ್ಮಿ.

ಒಮ್ಮೆ ಒಬ್ಬ ರೈತ ಮನೆಯಿಂದ ಬಾವಿಯವರೆಗೆ ಸಣ್ಣ ತಂತಿ ಎಳೆಸಿದ್ದರಿಂದ ಅವನ ಮೋಟಾರು ಮೂರು ಸಲ ಸುಟ್ಟಿತ್ತು. ಆವಾಗ ಜಂಗ್ಲಿಸಾಬ ಮಗಳಿಗೆ ಹೇಳಿದ ಮಾತು ಇದು: “ನಮ್ಮ ಕಾಲುವಿ ನೋಡೀಯಲ್ಲ? ತೂಬಿನ ಹತ್ತಿರದ ಹೊಲಕ್ಕ ನೀರು ಧೋ ಅಂತ ಹರೀತೈತಿ. ಕಡೀ ಹೊಲದಾವ ತಲಿ ಮ್ಯಾಲೆ ಕೈ ಹೊತ್ತು ಕುಂತಿರ್ತಾನ. ಕಾಲುವಿ ಉದ್ದ ಆದಷ್ಟು, ಸಣ್ಣದಾದಷ್ಟು ಕಡೀಗೆ ಮುಟ್ಟೂದು ಕಡಿಮಿ. ತಂತಿನೂ ಹಂಗ.” ನರಗುಂದದ ಮಕ್ಕಳಿಗೆ ಕಾಲುವೆಯ ಕಡೆಯ ಹೊಲದ ಕಷ್ಟ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದರಿಂದಲೇ ಅವಳಿಗೆ ತಂತಿಯ ಗುಟ್ಟೂ ತಿಳಿದುಹೋಯಿತು.

ಮದುವೆಯಾಗಿ ರೋಣಕ್ಕೆ ಬಂದಾಗ ಗಂಡ ಟಿಪ್ಪುಸಾಬ ಬೇರೆಯವರ ಲಾರಿ ಓಡಿಸುತ್ತಿದ್ದ. ಕೆಲವು ವರ್ಷಕ್ಕೆ ಸ್ವಂತದ ಟಂಟಂ ಗಾಡಿ ಕೊಂಡು ರೋಣ, ಗಜೇಂದ್ರಗಡ, ಹೊಳೆಆಲೂರು ಎಂದು ಸುತ್ತಮುತ್ತ ಮಂದಿಯನ್ನು ಹೊತ್ತು ತಿರುಗತೊಡಗಿದ. ಮಾತಿನ ಮನುಷ್ಯ. ಗಾಡಿ ಹತ್ತಿದವರ ಹೊಟ್ಟೆಯೊಳಗಿನ ಸಂಗತಿ ಇಳಿಯುವುದರೊಳಗೆ ಅವನಿಗೆ ಗೊತ್ತಾಗಿರುತ್ತಿತ್ತು. ಜಹೀದಾ ಅತ್ತೆ ನಡೆಸುತ್ತಿದ್ದ ಬಳೆ ವ್ಯಾಪಾರವನ್ನು ಅಂಗಡಿಗೆ ತಂದಳು. ಊರಿಗೆ ಕಂಪ್ಯೂಟರ್ ಕ್ಲಾಸುಗಳು ಬಂದ ಹೊಸತರಲ್ಲಿ ಅಲ್ಲಿನ ಹುಡುಗಿಯೊಬ್ಬಳು ಬಳೆ ಕೊಳ್ಳಲು ಬಂದಾಗ ತುಂಡಾದ ಕೇಬಲ್ಲೊಂದನ್ನು ಸುಮ್ಮನೆ ತೋರಿಸಿದಳು. ಜಹೀದಾ ಹಿಂದಿನ ಗೂಡಿನಿಂದ ಬೆಸುಗೆ ಹಾಕುವ ಕಾವಿಗೆ ತೆಗೆದು, ಒಳಗಿನ ನಾಲ್ಕು ತಂತಿಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ಬೆಸೆದು ಕೊಟ್ಟಳು. ಮರುದಿನ ಮತ್ತೊಂದು ಬಂತು. ಹೀಗೆ ಸುರುವಾಗಿ, ಹುಬ್ಬಳ್ಳಿಯಿಂದ ಹದಿನೈದು ದಿನಕ್ಕೊಮ್ಮೆ ಬರುವ ವ್ಯಾಪಾರಿಯಿಂದ ಹೊಸ ಕೇಬಲ್ಲು ತರಿಸಿ ಮಾರುವವರೆಗೆ ಬೆಳೆಯಿತು.

ಎಲ್ಲವೂ ಸರಿಯಾಗಿಯೇ ನಡೆಯಿತು ಎನ್ನುವಂತಿಲ್ಲ. ಎರಡು ಸಾವಿರದ ಆರರಲ್ಲಿ ಅವಳ ಕೈಯಿಂದ ಒಂದು ತಪ್ಪಾಯಿತು. ಗಜೇಂದ್ರಗಡದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ತೋಟಪ್ಪ ಅಂಗೈಯಗಲದ ಹಾರ್ಡ್ ಡಿಸ್ಕೊಂದನ್ನು ಕೊಂಡಿದ್ದ. ಕಂಪ್ಯೂಟರು ಮೇಜಿನ ಕೆಳಗೆ, ಡಿಸ್ಕು ಮೇಲೆ ಕಪಾಟಿನಲ್ಲಿ ಇರಬೇಕು, ಧೂಳು ತಾಗಬಾರದು ಎಂದು ಉದ್ದನೆಯ ಕೇಬಲ್ಲು ಕೇಳಿ ಬಂದ. ಜಹೀದಾ ಮೂರು ಮೀಟರಿನ ನೀಲಿ ಕೇಬಲ್ಲು ಕೊಟ್ಟಳು. ಹೊರಗಿನ ಕವಚ ಗಾಜಿನಂತೆ ಮಿರುಗುತ್ತಿತ್ತು, ಬೆಣ್ಣೆಯಂತೆ ಬಾಗುತ್ತಿತ್ತು. ಹಿಸುಕಿ ನೋಡಿದಾಗ ಒಳಗೆ ತಂತಿ ಸಣ್ಣದೆಂದು ಬೆರಳಿಗೆ ಗೊತ್ತಾಗಿತ್ತು. ಇಷ್ಟು ಸಣ್ಣ ಡಬ್ಬಿಗೆ ಎಷ್ಟು ಕರೆಂಟು ಬೇಕಾದೀತು ಎಂದುಕೊಂಡು ಬೆರಳಿನ ಮಾತು ಕೇಳಲಿಲ್ಲ. ಅದಕ್ಕೂ ಮುಂಚೆ ಅಂಥ ಉದ್ದನೆಯವನ್ನು ಪ್ರಿಂಟರಿಗೆ ಎಷ್ಟೋ ಜನಕ್ಕೆ ಕೊಟ್ಟಿದ್ದಳು, ಒಂದೂ ಮರಳಿ ಬಂದಿರಲಿಲ್ಲ.

ನಾಲ್ಕನೇ ದಿನಕ್ಕೆ ಆ ಕೇಬಲ್ಲು ಟಿಪ್ಪುಸಾಬನ ಗಾಡಿಯಲ್ಲಿ ವಾಪಸು ಬಂತು. ಡಿಸ್ಕು ಟಿಕ್ ಟಿಕ್ ಎಂದು ಬಡಿದುಕೊಂಡು ಕೆಟ್ಟುಹೋಯಿತಂತೆ, ಒಂದು ಮದುವೆಯ ಫೋಟೋ ಅಷ್ಟೂ ಹೋದವಂತೆ. ಬಳೆ ಮಾರುವವಳ ಹತ್ತಿರ ವಾಯರು ಕೊಂಡಿದ್ದಕ್ಕೆ ಹೀಗಾಯಿತು ಎಂದು ತೋಟಪ್ಪ ನಾಲ್ಕು ಜನರ ಮುಂದೆ ಆಡಿದ್ದನಂತೆ. ಜಹೀದಾ ಗಂಡನ ಕೈಯಲ್ಲಿ ಹಣ ಮರಳಿ ಕಳಿಸಿ ಸುಮ್ಮನಾದಳು. ಆದರೆ ಆ ನೀಲಿ ಕೇಬಲ್ಲನ್ನು ಉದ್ದಕ್ಕೆ ಸೀಳಿ ನೋಡಿದಳು. ಕವಚವೇ ದಪ್ಪ, ಒಳಗೆ ಕೂದಲಿನಂಥ ಎಳೆಗಳು, ಅವೂ ನಾಲ್ಕೋ ಐದೋ. ಆಮೇಲೆ ಪ್ರಿಂಟರನ್ನು ನೆನೆದಳು. ಪ್ರಿಂಟರಿಗೆ ಗೋಡೆಯಿಂದ ಬೇರೆಯೇ ಕರೆಂಟು ಬರುತ್ತದೆ, ಕೇಬಲ್ಲು ಬರೀ ಸುದ್ದಿ ಮುಟ್ಟಿಸಿದರೆ ಸಾಕು. ಈ ಸಣ್ಣ ಡಿಸ್ಕಿಗೆ ಬೇರೆ ಕರೆಂಟಿಲ್ಲ. ಸುದ್ದಿಯೂ ಊಟವೂ ಅದೊಂದೇ ದಾರಿಯಲ್ಲಿ ಬರಬೇಕು. ಅಪ್ಪ ಇಪ್ಪತ್ತೈದು ವರ್ಷದ ಹಿಂದೆಯೇ ಹೇಳಿದ್ದನ್ನು ತಾನು ಮರೆತುಬಿಟ್ಟೆನಲ್ಲ ಎಂದು ಅವಳಿಗೆ ಭಾಳ ಕೆಟ್ಟೆನಿಸಿತು. ತೋಟಪ್ಪನಿಗೆ ಹೋಗಿ ಹೇಳಬೇಕೆಂದುಕೊಂಡಳು. ಇಂದು, ನಾಳೆ ಎನ್ನುತ್ತ ಹೇಳದೇ ಉಳಿದಳು.

ಅಂದಿನಿಂದ ಅಂಗಡಿಯಲ್ಲಿ ಎರಡು ಕಟ್ಟಳೆ. ಹುಬ್ಬಳ್ಳಿಯಿಂದ ಬಂದ ಪ್ರತಿ ಕಟ್ಟಿನಿಂದ ಒಂದು ಕೇಬಲ್ಲನ್ನು ಕಲ್ಲಂಗಡಿ ಕೊಯ್ದಂತೆ ಕೊಯ್ದು ನೋಡುವುದು. ಒಳಗೆ ಚಲೋ ಇಲ್ಲದಿದ್ದರೆ ಕಟ್ಟು ಇದ್ದ ಹಾಗೆಯೇ ವಾಪಸು. ಇನ್ನೊಂದು, ಡಿಸ್ಕಿಗೆ ಕೇಬಲ್ಲು ಕೇಳಿ ಬಂದವರಿಗೆ ಮೊದಲು ಒಂದೇ ಮಾತು ಕೇಳುವುದು: “ನಿಮ್ಮ ಡಿಸ್ಕಿಗೆ ಬ್ಯಾರೆ ಕರೆಂಟಿನ ಪಿನ್ ಐತೇನ್ರಿ, ಇಲ್ಲಾ ಇದರಾಗ ಉಣ್ಣಬೇಕೋ?” ಇದರಲ್ಲೇ ಉಣ್ಣುವುದಾದರೆ ಮೊಳದುದ್ದಕ್ಕಿಂತ ಹೆಚ್ಚಿನದನ್ನು ಅವಳು ಕೊಡುತ್ತಿರಲಿಲ್ಲ. ಉದ್ದನೆಯದೇ ಬೇಕೆಂದು ಹಟ ಹಿಡಿದವರಿಗೆ, ಮೇಜು ಸರಿಸಿಕೊಳ್ರಿ ಎನ್ನುತ್ತಿದ್ದಳು.

ಎರಡು ಸಾವಿರದ ಎಂಟರ ನವಂಬರಿನಲ್ಲಿ, ಹೊಲಗಳಲ್ಲಿ ಹತ್ತಿ ಬಿಡಿಸುವ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಟಿಪ್ಪುಸಾಬ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದ. ಶಾಂಭವಿ ಎಂದು, ಹೊಳೆಆಲೂರಿನ ಸಾಲಿಯಲ್ಲಿ ಟೀಚರು. ಗಾಡಿಯಲ್ಲಿ ಕೂತವಳು ಹಾದಿಯುದ್ದಕ್ಕೂ ಚೀಲವನ್ನು ಮಡಿಲಲ್ಲಿ ಅವಚಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳಂತೆ. ಕೇಳದೇ ಬಿಡುವ ಪೈಕಿ ಅವನಲ್ಲ. ಕೇಳಿ, ಹಂಗಾರ ನಮ್ಮ ಮನಿಯಾಕಿಗೆ ಒಮ್ಮೆ ತೋರಿಸ್ರಿ ಎಂದು ಇಳಿಸಿಯೇ ಬಿಟ್ಟಿದ್ದ.

ಚೀಲದಲ್ಲಿದ್ದದ್ದು ಅಂಗೈಯಗಲದ ಡಿಸ್ಕು. ಅದರೊಳಗೆ ಅಸೂಟಿಯ ಪರಶಪ್ಪನ ಹಾಡುಗಳಿದ್ದವು. ಪರಶಪ್ಪ ಎಂದರೆ ಆ ಭಾಗಕ್ಕೆಲ್ಲ ಗೊತ್ತಿದ್ದ ಹೆಸರು. ಮೊಹರಮ್ಮಿನಲ್ಲಿ ಬೆಂಕಿ ಹೊತ್ತಿಸುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ, ಕರ್ಬಲಾ ಕಥೆಯ ರಿವಾಯತ್ ಪದಗಳನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಓದು ಬರಹ ಇಲ್ಲ, ಎಲ್ಲ ಬಾಯಿಪಾಠ. ಶಾಂಭವಿ ಎರಡು ವರ್ಷ ರವಿವಾರಕ್ಕೊಮ್ಮೆ ಅಸೂಟಿಗೆ ಹೋಗಿ, ಅವನನ್ನೂ ಅವನ ಮೇಳದವರನ್ನೂ ಕೂರಿಸಿ, ನೂರ ನಲವತ್ತು ಪದ ರೆಕಾರ್ಡು ಮಾಡಿದ್ದಳು. ರೆಕಾರ್ಡರು ಸಣ್ಣದಾದ್ದರಿಂದ ಡಿಸ್ಕಿಗೆ ಹಾಕಿದ ಮೇಲೆ ಅದರಲ್ಲಿದ್ದದ್ದನ್ನು ಅಳಿಸುತ್ತಿದ್ದಳು. ಸಾಲಿಯ ಕಂಪ್ಯೂಟರಿನಲ್ಲಿದ್ದ ಇನ್ನೊಂದು ಪ್ರತಿ, ಅದನ್ನು ಯಾರೋ ಸ್ವಚ್ಛ ಮಾಡಿದಾಗ ಹೋಗಿತ್ತು. ಆ ವರ್ಷ ಬೇಸಿಗೆಯಲ್ಲಿ ಪರಶಪ್ಪನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಮೊಹರಮ್ ಹತ್ತಿರ ಬಂದಿತ್ತು. ಮೇಳದವರು ಪದ ಮರೆತು ತಡವರಿಸುತ್ತಿದ್ದರು, ಹೇಳಿಕೊಡಬೇಕಾದವನು ಕೈಸನ್ನೆ ಮಾಡಿ ಮಾಡಿ ಸೋತಿದ್ದ. ಡಿಸ್ಕಿನಲ್ಲಿ ಎಲ್ಲ ಇದೆ ಎಂದು ಶಾಂಭವಿ ಅವರಿಗೆ ಮಾತು ಕೊಟ್ಟಿದ್ದಳು. ಮನೆಯಲ್ಲಿ ಹಚ್ಚಿದರೆ ಡಿಸ್ಕು ಟಿಕ್ ಟಿಕ್ ಎನ್ನುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, ಇದು ಸತ್ತಿದೆ, ಫಾರ್ಮ್ಯಾಟ್ ಮಾಡಿದರೆ ಖಾಲಿ ಡಿಸ್ಕಾದರೂ ನಿಮಗೆ ಉಳಿಯುತ್ತದೆ ಎಂದಿದ್ದರು. ನಾಳೆ ಬರುತ್ತೇನೆ ಎಂದು ಎದ್ದು ಬಂದಿದ್ದಳು.

ಟಿಕ್ ಟಿಕ್ ಎಂಬ ಮಾತು ಕೇಳಿದ್ದೇ ಜಹೀದಾ ಕೈಯಲ್ಲಿದ್ದ ಬಳೆಯ ಗೊಂಚಲನ್ನು ಕೆಳಗಿಟ್ಟಳು. ಯಾವ ವಾಯರಿನಿಂದ ಹಚ್ಚುತ್ತಿದ್ದೀರಿ ಎಂದು ಕೇಳಿದಳು. ಡಿಸ್ಕಿನ ಜತೆ ಬಂದಿದ್ದನ್ನು ಇಲಿ ಕಡಿದಿತ್ತು. ದೀಪಾವಳಿಗೆ ಬೇರೆ ಊರಿಗೆ ಹೋದಾಗ ಶಾಂಭವಿ ಹೊಸದೊಂದನ್ನು ತಂದಿದ್ದಳು. ಚೀಲದಿಂದ ತೆಗೆದು ತೋರಿಸಿದಳು. ಎರಡು ಮಾರಿನ ಉದ್ದ, ದಾರದಷ್ಟು ತೆಳುವು, ಮೇಲೆ ಯಾವ ನಂಬರೂ ಇಲ್ಲ. ಜಹೀದಾ ಅದನ್ನು ಹಿಸುಕಿ ನೋಡುವ ಗೋಜಿಗೂ ಹೋಗಲಿಲ್ಲ.

“ಅಕ್ಕಾರ, ಫಾರ್ಮ್ಯಾಟ್ ಮಾಡ್ಲಾ ಅಂತ ಕಂಪ್ಯೂಟರು ಎಷ್ಟು ಸಲ ಕೇಳಿದರೂ ಬ್ಯಾಡ ಅನ್ರಿ. ನನಗ ಅನಸ್ತೈತಿ, ಇದು ಸತ್ತಿಲ್ಲ. ಹಸದೈತಿ.”

ಅಂಗಡಿಯ ಹಿಂದೆ ಅವಳದೊಂದು ಹಳೆಯ ಕಂಪ್ಯೂಟರಿತ್ತು. ತನ್ನಲ್ಲಿದ್ದ ಮೊಳದುದ್ದದ ದಪ್ಪ ಕೇಬಲ್ಲು ತೆಗೆದಳು. ಅದರ ಮೈಮೇಲೆ ಸಣ್ಣಗೆ ಇಪ್ಪತ್ತೆಂಟು, ಇಪ್ಪತ್ನಾಲ್ಕು ಎಂದು ಅಚ್ಚಾಗಿತ್ತು: ಸುದ್ದಿಯ ತಂತಿ ಇಪ್ಪತ್ತೆಂಟು, ಕರೆಂಟಿನದು ಅದಕ್ಕಿಂತ ದಪ್ಪ. ಮುಂದಿನ ತೂತು ಬಿಟ್ಟು, ಕಂಪ್ಯೂಟರಿನ ಬೆನ್ನಿಗಿರುವ ತೂತಿಗೆ ಚುಚ್ಚಿದಳು. ಮುಂದಿನದಕ್ಕೆ ಒಳಗೇ ಇನ್ನೊಂದು ಸಣ್ಣ ತಂತಿ ಹಾದು ಬರುತ್ತದೆಂದು ಅವಳಿಗೆ ಗೊತ್ತು. ಡಿಸ್ಕನ್ನು ಕಿವಿಯ ಹತ್ತಿರ ಹಿಡಿದಳು. ಟಿಕ್ ಎನ್ನಲಿಲ್ಲ. ಸುಯ್ಯೆಂದು ತಿರುಗತೊಡಗಿತು, ದೀಪ ಹತ್ತಿತು, ಕಂಪ್ಯೂಟರಿನಲ್ಲಿ ಹೆಸರೂ ಬಂತು. ಶಾಂಭವಿ ಎರಡೂ ಕೈ ಜೋಡಿಸಿದಳು. ಅಷ್ಟರಲ್ಲಿ ಸದ್ದು ಇಳಿದು ಡಿಸ್ಕು ನಿಂತುಹೋಯಿತು.

ಮತ್ತೊಮ್ಮೆ ಹಚ್ಚಲು ಜಹೀದಾ ಒಪ್ಪಲಿಲ್ಲ. ಹೀಗೆ ಎದ್ದು ಬಿದ್ದು ಮಾಡಿದಷ್ಟೂ ಡಿಸ್ಕಿನೊಳಗೆ ಓದುವ ಮುಳ್ಳಿಗೆ ಪೆಟ್ಟು. ಅವಳ ಕಂಪ್ಯೂಟರು ಹಳೆಯದು, ಅದರ ಒಂದು ತೂತಿನಿಂದ ಬರುವಷ್ಟು ಕರೆಂಟು ಈ ಡಿಸ್ಕಿಗೆ ಏಳಲು ಸಾಕು, ನಡೆಯಲು ಸಾಲದು. ಇದಕ್ಕೆಂದೇ ಎರಡು ತಲೆಯ ಕೇಬಲ್ಲು ಬರುತ್ತದೆ. ಎರಡು ತಲೆಗಳನ್ನು ಕಂಪ್ಯೂಟರಿನ ಎರಡು ತೂತಿಗೆ ಹಚ್ಚಿದರೆ, ಎರಡು ತೂಬಿನ ನೀರು ಒಂದೇ ಹೊಲಕ್ಕೆ ಬಂದಂತೆ ಎರಡರ ಕರೆಂಟೂ ಡಿಸ್ಕಿಗೆ ಬರುತ್ತದೆ. ಹುಬ್ಬಳ್ಳಿಯ ವ್ಯಾಪಾರಿಯ ಚೀಲದಲ್ಲಿ ಒಮ್ಮೆ ಅಂಥದನ್ನು ನೋಡಿದ್ದಳು, ರೋಣದಲ್ಲಿ ಯಾರು ಕೇಳುತ್ತಾರೆ ಎಂದು ತೆಗೆದುಕೊಂಡಿರಲಿಲ್ಲ. ಅವನು ಮತ್ತೆ ಬರಲು ಇನ್ನೂ ಹನ್ನೆರಡು ದಿನ.

ಎರಡು ಕೇಬಲ್ಲು ಕೊಯ್ದು, ಬೆಸೆದು ತಾನೇ ಒಂದನ್ನು ಮಾಡಬಹುದಿತ್ತು. ಕಾವಿಗೆಯನ್ನು ಕೈಗೆ ತೆಗೆದುಕೊಂಡಳು ಕೂಡ. ತನ್ನ ಸ್ವಂತದ ಡಿಸ್ಕಾಗಿದ್ದರೆ ಮಾಡಿಯೇ ಬಿಡುತ್ತಿದ್ದಳು. ಒಂದು ಎಳೆ ಆಚೆಯದು ಈಚೆ ತಾಗಿದರೆ ಪರಶಪ್ಪನ ದನಿ ಎರಡನೇ ಸಲ ಹೋದಂತೆ. ಕಾವಿಗೆಯನ್ನು ಗೂಡಿಗಿಟ್ಟಳು.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಟಿಪ್ಪುಸಾಬ, ಎರಡು ತಲೆಯ ಕೆಂಪು ವಾಯರನ್ನು ತಾನು ತೋಟಪ್ಪನ ಸ್ಟುಡಿಯೋದಲ್ಲಿ ಕಂಡಿದ್ದೇನೆ ಎಂದ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಹೋದಾಗ ಮೇಜಿನ ಮೇಲೆ ಬಿದ್ದಿತ್ತಂತೆ. ಹೇಳಿದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ತೋಟಪ್ಪನ ಹೆಸರು ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಬೇಕಾದರೆ ತಾನೊಬ್ಬನೇ ಹೋಗಿ ಇಸಿದುಕೊಂಡು ಬರುತ್ತೇನೆ ಎಂದ. ಜಹೀದಾ ಕೆಳಗಿಟ್ಟಿದ್ದ ಬಳೆಯ ಗೊಂಚಲನ್ನು ಕೋಲಿಗೆ ಏರಿಸಿದಳು. ಆಮೇಲೆ ಅಂಗಡಿಯ ಬಾಗಿಲು ಎಳೆದು ಬುರ್ಖಾ ಹಾಕಿಕೊಂಡಳು. ನಡೀರಿ, ನಾನೂ ಬರ್ತೇನಿ ಎಂದಳು.

ದಾರಿಯಲ್ಲಿ ಟಿಪ್ಪುಸಾಬ ಆ ದಿನ ಒಬ್ಬರನ್ನೂ ಹತ್ತಿಸಿಕೊಳ್ಳಲಿಲ್ಲ. ಎರಡೂ ಕಡೆ ಕರಿ ಎರಿ ಮಣ್ಣು, ಎಳೆಯ ಜೋಳ, ಮಧ್ಯೆ ಮಧ್ಯೆ ಹತ್ತಿಯ ಬಿಳುಪು. ಶಾಂಭವಿ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಜಹೀದಾ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು, ಮತ್ತೆ ಅಳಿಸಿಕೊಂಡು, ಗಜೇಂದ್ರಗಡದ ಗುಡ್ಡ ಕಾಣುವ ಹೊತ್ತಿಗೆ ಜೋಡಿಸುವುದನ್ನೇ ಬಿಟ್ಟಿದ್ದಳು.

ತೋಟಪ್ಪ ಒಬ್ಬನೇ ಕೂತು ಅಲ್ಬಮ್ಮಿಗೆ ಫೋಟೋ ಅಂಟಿಸುತ್ತಿದ್ದ. ಐವತ್ತರ ಸುಮಾರಿನ ಗಟ್ಟಿ ಆಳು, ಮೂಗಿನ ತುದಿಗೆ ಕನ್ನಡಕ. ಮೂವರನ್ನು ನೋಡಿ ಕೂರಲು ಹೇಳಿದ. ಟಿಪ್ಪುಸಾಬ ಬಾಯಿ ತೆರೆಯುವಷ್ಟರಲ್ಲಿ ಜಹೀದಾ ಸುರು ಮಾಡಿದಳು.

“ತೋಟಪ್ಪಣ್ಣಾರ, ನಿಮ್ಮ ಕಡೆ ಒಂದು ವಾಯರ್ ಕೇಳಾಕ ಬಂದೇವ್ರಿ. ಅದಕ್ಕಿಂತ ಮೊದಲ ಒಂದು ಮಾತು ಹೇಳಬೇಕು. ಅವತ್ತ ನಿಮ್ಮ ಡಿಸ್ಕು ಕೆಟ್ಟಿರಲಿಲ್ರಿ. ನಾ ಕೊಟ್ಟ ವಾಯರ್ ಸಣ್ಣದಿತ್ತು, ಉದ್ದಿತ್ತು. ಅದರಾಗ ಕರೆಂಟ್ ಮುಟ್ಟಲಿಲ್ಲ. ಒಂದು ತಿಂಗಳದಾಗ ನನಗ ತಿಳೀತು. ಬಂದು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದು.”

ತೋಟಪ್ಪ ಅಂಟಿನ ಬಾಟಲಿಗೆ ಮುಚ್ಚಳ ಹಾಕಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ.

“ವಾಯರ್ ನಿಮ್ದ ಖರೇ,” ಎಂದ. “ಫಾರ್ಮ್ಯಾಟ್ ಮಾಡ್ಲಾ ಅಂತ ಅದು ಕೇಳ್ತು. ಹೂಂ ಅಂತ ಒತ್ತಿದಾವ ನಾನ. ಏನಂತ ಓದಲೂ ಇಲ್ಲ, ಒತ್ತಿದೆ. ಮನ್ಯಾಗೂ ಯಾರಿಗೂ ಹೇಳಿಲ್ಲವ್ವಾ ಇದನ್ನ. ಎಲ್ಲಾ ನಿಮ್ಮ ಮ್ಯಾಲೆ ಹಾಕಿ ಕುಂತಿದ್ದೆ.”

ಟಿಪ್ಪುಸಾಬ ಕೆಮ್ಮಿ, ಅಕ್ಕಾರ ದೂರದಿಂದ ಬಂದಾರ ಎಂದು ನೆನಪಿಸಿದ. ತೋಟಪ್ಪ ಎದ್ದು ಹೋಗಿ ಒಳಗಿನಿಂದ ಆ ಕೆಂಪು ಕೇಬಲ್ಲು ತಂದ. ಹೊಸ ಡಿಸ್ಕಿನ ಜತೆ ಹುಬ್ಬಳ್ಳಿಯಿಂದ ಬಂದದ್ದಂತೆ. ಅದರ ಎರಡನೇ ತಲೆ ಯಾತಕ್ಕೆಂದು ಗೊತ್ತಾಗದೆ, ತೊಂದರೆ ಕೊಡಬಾರದೆಂದು ಅದನ್ನು ಮಡಚಿ ರಬ್ಬರ್ ಬ್ಯಾಂಡು ಹಾಕಿ ಕಟ್ಟಿಟ್ಟಿದ್ದ. ವರ್ಷದಿಂದ ಒಂದೇ ತಲೆಯಲ್ಲಿ ನಡೆಸುತ್ತಿದ್ದನಂತೆ. ಒಮ್ಮೊಮ್ಮೆ ಡಿಸ್ಕು ಮುನಿಸಿಕೊಳ್ಳುತ್ತದೆ ಎಂದ. ಜಹೀದಾ ಮೊದಲ ಸಲ ನಕ್ಕಳು. ರಬ್ಬರ್ ಬ್ಯಾಂಡು ಬಿಚ್ಚಿ, ಅವನ ಕಂಪ್ಯೂಟರಿನ ಬೆನ್ನಿಗೆ ಎರಡೂ ತಲೆ ಹಚ್ಚಿ, ಮುನಿಸು ಎಲ್ಲಿಂದ ಬರುತ್ತಿತ್ತು ಎಂದು ತೋರಿಸಿದಳು. ತೋಟಪ್ಪ ತನ್ನ ಹಣೆ ತಾನೇ ತಟ್ಟಿಕೊಂಡ.

ಆಮೇಲೆ ಶಾಂಭವಿಯ ಡಿಸ್ಕು. ಕೇಬಲ್ಲಿನ ಇನ್ನೊಂದು ತುದಿ ಅದರ ಬಾಯಿಗೆ ಸಡಿಲವಿಲ್ಲದೆ ಕೂತಿತೇ ಎಂದು ಜಹೀದಾ ಎರಡು ಸಲ ನೋಡಿದಳು. ಡಿಸ್ಕು ಸುಯ್ಯೆಂದಿತು. ಸದ್ದು ಏರಿತು, ಏರಿದ್ದು ಇಳಿಯಲಿಲ್ಲ. ದೀಪ ಹತ್ತಿದ್ದು ಆರಲಿಲ್ಲ. ಪರದೆಯ ಮೇಲೆ ಒಂದರ ಕೆಳಗೊಂದು ಹೆಸರುಗಳು ಬಂದವು, ಶಾಂಭವಿ ತಾನೇ ಇಟ್ಟ ಹೆಸರುಗಳು, ನೂರ ನಲವತ್ತೂ. ಅವಳು ಕುರ್ಚಿ ಎಳೆದುಕೊಂಡು ಕೂತು, ಒಂದನ್ನು ಕೇಳಿಬಿಡೋಣ ಎಂದು ಕೈ ಮುಂದೆ ಮಾಡಿದಳು. ಜಹೀದಾ ತಡೆದಳು. ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬೇಕು, ಆಮೇಲೆ ಎಷ್ಟಾದರೂ ಕೇಳಬಹುದು.

ಇಳಿಯಲು ಮುಕ್ಕಾಲು ತಾಸು ಹಿಡಿಯಿತು. ತೋಟಪ್ಪ ಗಿರಮಿಟ್ಟು, ಮಿರ್ಚಿ, ಚಹಾ ತರಿಸಿದ. ನಾಲ್ವರೂ ಅಲ್ಬಮ್ಮುಗಳನ್ನು ಬದಿಗೆ ಸರಿಸಿ ತಿಂದರು. ಕಡೆಯದು ಇಳಿದ ಮೇಲೆ ಶಾಂಭವಿ ಒಂದನ್ನು ಹಚ್ಚಿದಳು. ಮೊದಲು ಯಾರದೋ ಕೆಮ್ಮು, ಒಂದು ಕೋಳಿಯ ಕೂಗು, ಆಮೇಲೆ ಪರಶಪ್ಪನ ದನಿ. ತುಂಬಿದ ದನಿ, ಸ್ವಲ್ಪ ಒಡಕು, ಮೇಲೆ ಹೋದಾಗ ಆ ಒಡಕಿನಲ್ಲೇ ರುಚಿ.

*ಸವಾರಿಲ್ಲದ ಕುದುರಿ ಸಂಜಿಗೆ ಮರಳಿತೊ,*
*ನೀರ ತೋರಿಸಿದರ ಮಾರಿ ತಿರುವಿತೊ…*

ತೋಟಪ್ಪ ಮಿರ್ಚಿಯ ತುಂಡು ಕೈಯಲ್ಲಿ ಹಿಡಿದವನು ಹಾಗೇ ಕೂತ. ಹಾಡು ಮುಗಿದಾಗ, ಹುಡುಗನಾಗಿದ್ದಾಗ ಅಸೂಟಿಯ ಸೋದರಮಾವನ ಹೆಗಲ ಮೇಲೆ ಕೂತು ಇದನ್ನು ಕೇಳಿದ್ದೆ ಎಂದ. ಕೇಬಲ್ಲನ್ನು ಸುತ್ತಿ ಶಾಂಭವಿಯ ಚೀಲಕ್ಕೆ ತಾನೇ ಹಾಕಿದ. ತನಗೆ ಇನ್ನೊಂದನ್ನು ಜಹೀದಾಬಿ ತರಿಸಿ ಕೊಡುತ್ತಾರೆ ಎಂದ. ಅದು ಅವನು ಅವಳ ಅಂಗಡಿಗೆ ಎರಡು ವರ್ಷದ ಮೇಲೆ ಹೇಳಿದ ಮೊದಲ ಆರ್ಡರು. ಮುಂದೆ ಸ್ಟುಡಿಯೋಕ್ಕೆ ಬಂದ ಗಿರಾಕಿಗಳನ್ನೂ ಕೇಬಲ್ಲಿಗಾಗಿ ರೋಣಕ್ಕೇ ಅಟ್ಟತೊಡಗಿದ. ಜಹೀದಾ ಎರಡು ತಲೆಯವನ್ನು ಯಾವಾಗಲೂ ಆರರಷ್ಟು ಇಟ್ಟಿರುತ್ತಿದ್ದಳು. ಹಾಡುಗಳ ಒಂದು ಪ್ರತಿ ತೋಟಪ್ಪನ ಕಂಪ್ಯೂಟರಿನಲ್ಲೇ ಉಳಿಯಿತು, ಒಂದು ಜಹೀದಾಳ ಅಂಗಡಿಯಲ್ಲಿ, ಒಂದು ಶಾಂಭವಿಯ ಡಿಸ್ಕಿನಲ್ಲಿ. ಸಾಲಿಯಲ್ಲಿ ಇಡುವುದು ಬೇಡವೆಂದು ಶಾಂಭವಿಯೇ ಹೇಳಿದಳು. ಹೊಳೆ ಹತ್ತಿರ, ಯಾವಾಗ ಒಳಗೆ ಬಂದೀತೋ ಹೇಳಲಾಗದು.

ಆ ರವಿವಾರ ಮುಂಜಾನೆ ಶಾಂಭವಿ, ಜಹೀದಾ, ಟಿಪ್ಪುಸಾಬ ಮೂವರೂ ಅಸೂಟಿಗೆ ಹೋದರು. ಪದಗಳನ್ನು ಸೀಡಿಗೆ ಹಾಕಿಸಿಕೊಂಡಿದ್ದರು, ಟಂಟಂನಲ್ಲಿ ಅದನ್ನು ಹಾಡಿಸುವ ಪೆಟ್ಟಿಗೆಯಿತ್ತು. ಪರಶಪ್ಪನ ಮನೆಯ ಮುಂದೆ ಬಿಡಿಸಿ ತಂದ ಹತ್ತಿಯ ರಾಶಿ, ಅದರ ಪಕ್ಕ ಕಟ್ಟೆಯ ಮೇಲೆ ಅವನು. ಅರವತ್ತೈದು ದಾಟಿದ ಉದ್ದನೆಯ ಮನುಷ್ಯ, ಕೊರಳಿಗೆ ಬಿಳಿ ವಸ್ತ್ರ ಸುತ್ತಿದ್ದ. ಮೇಳದ ಏಳೆಂಟು ಮಂದಿ ಸುತ್ತ ನೆರೆದಿದ್ದರು. ಬಂದವರು ಯಾರು, ಏನು ಎಂದು ಶಾಂಭವಿ ಹೇಳಿದಳು. ಅವನು ತಲೆಯಾಡಿಸಿದ. ನಂಬಿದ ಹಾಗೆ ಕಾಣಲಿಲ್ಲ.

ಟಿಪ್ಪುಸಾಬ ಹಾಡು ಹಚ್ಚಿದ. ತನ್ನ ದನಿ ಗಾಡಿಯೊಳಗಿಂದ ಬಂದಾಗ ಪರಶಪ್ಪ ಅತ್ತ ತಿರುಗಿ, ಅಲ್ಲಿ ಯಾರೋ ಇದ್ದಾರೆ ಎಂಬಂತೆ ನೋಡಿದ. ಒಂದು ಪದ ಮುಗಿಯಿತು, ಎರಡನೆಯದೂ ಮುಗಿಯಿತು. ಅವನ ಹೆಂಡತಿ ರೇಣವ್ವ ಬಾಗಿಲ ಹೊಸ್ತಿಲಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಜಹೀದಾಗೆ ಒಂದು ಹೆದರಿಕೆ ಇತ್ತು. ಹೋದದ್ದನ್ನು ತಂದು ಮತ್ತೆ ತೋರಿಸಿದರೆ ಮುದುಕನಿಗೆ ನೋವಾದೀತು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

ಮೂರನೇ ಪದದ ನಡುವೆ ಪರಶಪ್ಪ ಸಟ್ಟನೆ ಕೈ ಎತ್ತಿದ. ನಿಲ್ಲಿಸಲು ಸನ್ನೆ ಮಾಡಿದ. ಹಿಂದಕ್ಕೆ ಹೋಗಲು ಹೇಳಿದ. ಮತ್ತೆ ಅದೇ ಜಾಗ ಬಂದಾಗ ಮೇಳದ ಒಬ್ಬನ ಕಡೆ ಬೆರಳು ಮಾಡಿ, ಕಟ್ಟೆಯ ಮೇಲೆ ಅಂಗೈಯಿಂದ ತಾಳ ಹಾಕಿ ತೋರಿಸಿದ. ಅಲ್ಲಿ ಹಿಮ್ಮೇಳದವನು ಅರ್ಧ ಹೆಜ್ಜೆ ಮೊದಲೇ ಹೊಕ್ಕಿದ್ದ. ಎರಡು ವರ್ಷದ ಹಿಂದಿನ ತಪ್ಪು, ಅವನಿಗೆ ಈಗ ಸಿಕ್ಕಿತ್ತು. ಸಿಕ್ಕಿಬಿದ್ದವನು ತಲೆ ಕೆರೆದುಕೊಂಡ. ಎಲ್ಲರೂ ನಕ್ಕರು, ಪರಶಪ್ಪನೂ ನಕ್ಕ. ಸದ್ದಿಲ್ಲದ ನಗು, ಹೆಗಲು ಮಾತ್ರ ಕುಣಿಯುತ್ತಿದ್ದವು. ಆಮೇಲೆ ಅವನು ಕಟ್ಟೆಯಿಂದ ಇಳಿದು, ಮೇಳದವರನ್ನು ಸುತ್ತು ನಿಲ್ಲಿಸಿ, ಕೈಯಲ್ಲೊಂದು ಕೋಲು ಹಿಡಿದು, ಮೊದಲಿನಿಂದ ಹಾಡಿಸಲು ಸನ್ನೆ ಮಾಡಿದ. ಹಾಡು ಗಾಡಿಯಿಂದ, ಹೆಜ್ಜೆ ಅಂಗಳದಲ್ಲಿ. ತಪ್ಪಿದವರ ಮೊಣಕಾಲಿಗೆ ಕೋಲಿನ ತುದಿ ತಾಗುತ್ತಿತ್ತು.

ರೇಣವ್ವ ಒಳಗೆ ಹೋಗಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಂದು ಜಹೀದಾಳ ಮುಂದಿಟ್ಟಳು. ತಂಗಿ, ಉಣ್ಣ ಎಂದಳು. ಅವಳ ತೊಡೆಗೆ ತೊಡೆ ತಾಗಿಸಿ ಕೂತು, ಅಂಗಳದಲ್ಲಿ ಗಂಡ ಕೋಲಿನಿಂದಲೇ ಗದರುವುದನ್ನು ನೋಡತೊಡಗಿದಳು. ಬೇಸಿಗೆಯಿಂದೀಚೆಗೆ ಅವನು ಯಾರನ್ನೂ ಗದರಿರಲಿಲ್ಲವಂತೆ. ಜಹೀದಾ ರೊಟ್ಟಿ ಮುರಿದಳು. ಎರಿಯ ಜೋಳದ ರೊಟ್ಟಿ, ಮೆತ್ತಗಿತ್ತು, ಹಸಿವೂ ಇತ್ತು.

ಹನ್ನೊಂದರ ಹೊತ್ತಿಗೆ ಟಿಪ್ಪುಸಾಬ ಚಡಪಡಿಸತೊಡಗಿದ. ಹೊಳೆಆಲೂರಿನ ಸ್ಟೇಶನ್ನಿಗೆ ರೈಲಿನ ಮಂದಿ ಬರುವ ಸಮಯ, ಗಾಡಿ ಅಲ್ಲಿರಬೇಕಿತ್ತು. ಎದ್ದು ಹೋಗಿ ನೋಡಿದರೆ ಗಾಡಿಯ ಕೀ ಇಲ್ಲ. ಹಾಡಿನ ಪೆಟ್ಟಿಗೆಗೆ ಜಹೀದಾ ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದಿದ್ದಳಾದ್ದರಿಂದ ಕೀ ಇಲ್ಲದಿದ್ದರೂ ಅದು ಹಾಡುತ್ತಲೇ ಇತ್ತು. ಸೀಟಿನ ಕೆಳಗೆ ನೋಡಿದ, ಹತ್ತಿಯ ರಾಶಿಯ ಹತ್ತಿರ ನೋಡಿದ, ತನ್ನ ಜೇಬುಗಳನ್ನೆಲ್ಲ ತಡಕಿದ. ಕಡೆಗೆ ಮೇಳದವನೊಬ್ಬ ಕಣ್ಣಿನಿಂದ ತೋರಿಸಿದ. ಪರಶಪ್ಪ ಅವನ ಕಡೆ ನೋಡಲೇ ಇಲ್ಲ. ತಾಳ ಹಾಕುತ್ತಲೇ ಎಡಗೈಯಿಂದ ಅಂಗಿಯ ಜೇಬನ್ನು ಒಮ್ಮೆ ತಟ್ಟಿದ. ಒಳಗೆ ಕೀ ಗಲ್ಲೆಂದಿತು.

ಟಿಪ್ಪುಸಾಬ, ರೈಲಿನ ಮಂದಿಗೆ ಬೇರೆ ಗಾಡಿ ಸಿಗುತ್ತವೆ ಎಂದುಕೊಂಡು ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಬಂದು ಕೂತ. ರೇಣವ್ವ ಅವನಿಗೂ ಎರಡು ರೊಟ್ಟಿ ಹಾಕಿದಳು.